ಗಂಗವ್ವ ಒಂದು ದಿನ ಗಂಗಪ್ಪನಾದದ್ದು

ಪಕ್ಕದ ಮನೆಯವರು ಗಾಣದ ಕುಸುಬಿ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಸಾಕು, ನವನಗರದ ನಮ್ಮ ಅಡುಗೆಮನೆಗೆ ಆಯಿ ಬಂದುಬಿಡುತ್ತಾಳೆ. ಆಯಿ ಎಂದರೆ ನಮ್ಮ ಅಪ್ಪನ ತಾಯಿ. ತೀರಿಕೊಂಡು ಎಷ್ಟೋ ವರ್ಷಗಳಾದವು. ನನಗೆ ಡಾಕ್ಟರರು ಎಣ್ಣೆ ಬಿಡಿ ಎಂದಿದ್ದಾರೆ. ಆದ್ದರಿಂದ ವಾಸನೆಗೇನೂ ಪಥ್ಯವಿಲ್ಲವಲ್ಲ ಎಂದು ಕಿಟಕಿ ತೆರೆದು ನಿಲ್ಲುತ್ತೇನೆ. ನಿವೃತ್ತ ಶಿಕ್ಷಕಿಯೊಬ್ಬಳು ದಿನಾ ಇದೇ ಹೊತ್ತಿಗೆ ಕಿಟಕಿಯಲ್ಲಿ ಮೂಗು ಇಡುವುದನ್ನು ಕಂಡು ಆ ಮನೆಯವರು ಏನೆಂದುಕೊಂಡಿದ್ದಾರೋ ತಿಳಿಯದು.

ಆಯಿಯ ತಲೆಗೂ ಅದೇ ಎಣ್ಣೆ, ಪಲ್ಯಕ್ಕೂ ಅದೇ ಎಣ್ಣೆ. ನಮ್ಮ ಓಣಿಯಲ್ಲಿ ಅವಳ ವಾರಿಗೆಯ ಹೆಂಗಸರಲ್ಲಿ ಓದಲು ಬರುತ್ತಿದ್ದದ್ದು ಅವಳೊಬ್ಬಳಿಗೇ. ಚುರಮುರಿ ಕಟ್ಟಿಕೊಟ್ಟ ಕಾಗದವನ್ನೂ ಮೊಣಕಾಲ ಮೇಲೆ ಸವರಿ ಮಟ್ಟ ಮಾಡಿ ಓದುವಳು. ಅದೂ ದೊಡ್ಡ ದನಿಯಲ್ಲಿ, ಜಾತ್ರೆಯಲ್ಲಿ ಯಾರನ್ನೋ ಕರೆದಂತೆ. ನಾನು ಪುಸ್ತಕ ಹಿಡಿದು ಕೂತಾಗ ತೊಂದರೆಯಾಗಿ, "ಆಯಿ, ಮನಸಿನ್ಯಾಗ ಓದಬಾರದೇನ?" ಎಂದು ಗದರಿಸುತ್ತಿದ್ದೆ.

"ಮನಸಿನ್ಯಾಗ ಓದಿದ್ರ ಯಾರಿಗ್ ಕೇಳತೈತಿ?" ಎನ್ನುವಳು.

ಅವಳ ತವರು ಗುಡೂರಿನ ಆಚೆಗಿನ ಒಂದು ಸಣ್ಣ ಹಳ್ಳಿ. ಇಂಗ್ಲೆಂಡಿನ ರಾಣಿಯ ಆಳ್ವಿಕೆಯ ಕೊನೆಕೊನೆಯ ಕಾಲ. ಆಗ ಊರಿಗೆ ಕನ್ನಡ ಸಾಲಿ, ಅಂದರೆ ಶಾಲೆ, ಬೇಕೆಂದರೆ ಅರ್ಜಿ ಹಾಕಿ ಕೈಕಟ್ಟಿ ಕೂತರೆ ಆಗುತ್ತಿರಲಿಲ್ಲ. ಸರಕಾರ ಕಂದಾಯದ ಜೊತೆಗೆ ಎತ್ತುತ್ತಿದ್ದ ಪಟ್ಟಿಯ ಹಣದಿಂದ ಮಾಸ್ತರರ ಪಗಾರ ಕೊಡುತ್ತಿತ್ತು. ಗೋಡೆ, ಮಾಳಿಗೆ, ಮಾಸ್ತರರ ಊಟ ಇವೆಲ್ಲ ಊರಿನವರ ಪಾಲು. ಆಯಿಯ ಅಪ್ಪ ಎತ್ತು ಕಟ್ಟುತ್ತಿದ್ದ ಜಾಗವನ್ನು ಬಿಟ್ಟುಕೊಟ್ಟರು. ಬೇವಿನ ತೊಲೆಗಳನ್ನು ಒಬ್ಬರು ಕೊಟ್ಟರು. ಇಮಾಮಸಾಬ ಎಂಬ ಕಲ್ಲುಕೆಲಸದವರು ಕೂಲಿ ಮುಟ್ಟದೆ ಗೋಡೆ ಎಬ್ಬಿಸಿದರು. ಮಾಸ್ತರರಿಗೆ ವಾರಕ್ಕೊಂದು ಮನೆಯಿಂದ ರೊಟ್ಟಿ ಬರುತ್ತಿತ್ತು. ಯಾವ ಮನೆಯ ಹುಡುಗನಿಗೆ ಏಟು ಕಡಿಮೆ ಎಂಬುದು ಆ ವಾರದ ರೊಟ್ಟಿಯ ಮೇಲಿರುತ್ತಿತ್ತು ಎಂದು ಆಯಿ ನಗುತ್ತಿದ್ದಳು.

ಹೀಗೆ ಎದ್ದ ಸಾಲಿಗೆ ಪ್ಲೇಗು ಬಂದು ಅಡ್ಡ ನಿಂತಿತು. ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಬೇನೆ ಇಳಿದ ಮೇಲೂ ಅರ್ಧದಷ್ಟು ಮನೆಗಳು ತೆರೆಯಲಿಲ್ಲ. ಆ ಹೊತ್ತಿಗೇ ಸಾಲಿ ತಪಾಸಣೆಗೆ ಡಿಪೂಟಿ ಸಾಹೇಬರು ಬರುತ್ತಾರೆಂಬ ಸುದ್ದಿ ಬಂತು. ಹುಡುಗರು ಕಡಿಮೆ ಕಂಡರೆ ಸಾಲಿ ಮುಚ್ಚಿ ಮಾಸ್ತರರನ್ನು ಬೇರೆ ಊರಿಗೆ ಕಳಿಸುತ್ತಿದ್ದರು. ಆಯಿಯ ಅಪ್ಪನಿಗೆ ಏನು ತೋಚಿತೋ, ಮಗಳನ್ನೂ ಇನ್ನಿಬ್ಬರು ಹುಡುಗಿಯರನ್ನೂ ಹಿಡಿದು ತಂದು, ಅಂಗಿ ತೊಡಿಸಿ, ಜಡೆ ಒಳಗೆ ಸೇರಿಸಿ ತಲೆಗೆ ಪಟಕಾ ಸುತ್ತಿ, ಹಿಂದಿನ ಸಾಲಿನಲ್ಲಿ ಕೂರಿಸಿದರು. ಮಾಸ್ತರರು ಹೆದರಿ ಬೆವರಿದರು. ಆದರೂ ಗಂಡುಹೆಸರು ಬಾಯಿಪಾಠ ಮಾಡಿಸಿದರು. ನಮ್ಮ ಆಯಿ ಗಂಗವ್ವ ಗಂಗಪ್ಪನಾದಳು.

ಕುದುರೆ ಇಳಿದು ಬಂದ ಸಾಹೇಬರು ಮುಂದಿನವರನ್ನೆಲ್ಲ ಬಿಟ್ಟು ನೇರವಾಗಿ ಹಿಂದಕ್ಕೆ ಹೋದರು.

"ನಿನ್ನ ಹೆಸರೇನೋ?"

"ಗಂಗವ್ವರಿ," ಎಂದಳು ಆಯಿ. ಮಾಸ್ತರರ ಮುಖ ಕಂಡು ಗಾಬರಿಯಾಗಿ ತಿದ್ದಿಕೊಂಡಳು: "ಅಲ್ರಿ, ಗಂಗಪ್ಪರಿ. ಇವತ್ತೊಂದಿನ."

ಈ ಮಾತು ಬಂದಾಗಲೆಲ್ಲ ನಮ್ಮ ಮನೆಯಲ್ಲಿ ನಗೆಯೋ ನಗೆ. ನಾನು ಮುಂದೆ ಶಿಕ್ಷಕಿಯಾದ ಮೇಲೆ ಎಷ್ಟು ಕೂಟಗಳಲ್ಲಿ ಇದನ್ನು ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೋ! ಅಲ್ಲಿಗೇ ಕತೆ ನಿಲ್ಲಿಸಿ ಕೂರುತ್ತಿದ್ದೆ. ಆಯಿ ನಿಲ್ಲಿಸುತ್ತಿರಲಿಲ್ಲ.

ಸಾಹೇಬರು ನಗಲಿಲ್ಲವಂತೆ, ಸಿಟ್ಟಾಗಲೂ ಇಲ್ಲವಂತೆ. ಅವಳ ತಲೆಯ ಪಟಕಾ ಬಿಚ್ಚಿ ಕೈಗೆ ಕೊಟ್ಟು, "ಮಾಸ್ತರ, ಹುಡಿಗ್ಯಾರು ಕಲೀಬಾರ್ದು ಅಂತ ಯಾರ್ ಹೇಳ್ಯಾರ? ಇವರ ಖರೇ ಹೆಸರನ ಬರಕೋರಿ," ಎಂದರು. ಆಮೇಲೆ ಇವಳ ಕಡೆ ತಿರುಗಿ, "ಬರೋ ವರ್ಷ ಬರ್ತೇನಿ. ನೀ ನನ್ನ ಮುಂದ ಓದಬೇಕು. ಓದಲಿಲ್ಲ ಅಂದ್ರ ಸಾಲಿ ಮುಚ್ಚತೇನಿ, ನೋಡು," ಎಂದರು.

ಅವರು ಹಗುರವಾಗಿ ಅಂದಿರಬೇಕು. ಆದರೆ ಆ ಹುಡುಗಿ ಅದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಜೊತೆಗೆ ಬಂದ ಇಬ್ಬರೂ ತಿಂಗಳೊಳಗೆ ಮನೆ ಹಿಡಿದರು. ಇವಳು ಮಾತ್ರ ಸಾಲಿಗೆ ಹೋದಳು. ಇಡೀ ಊರಿನ ಸಾಲಿ ತನ್ನ ನಾಲಿಗೆಯ ಮೇಲೆ ನಿಂತಿದೆ ಎಂದು ನಂಬಿ ಹೋದಳು. ಹೊಲದಲ್ಲಿ ಕಳೆ ತೆಗೆಯುವಾಗ ಓದಿದ್ದನ್ನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. "ದನಿ ಸಣ್ಣದಾದ್ರ ಸಾಹೇಬರಿಗೆ ಕೇಳಲಿಕ್ಕಿಲ್ಲ ಅಂತ ಹೆದರಿಕಿ ನನಗ," ಎನ್ನುತ್ತಿದ್ದಳು.

ವರ್ಷ ಕಳೆಯಿತು. ಬಂದವರು ಬೇರೆ ಸಾಹೇಬರು. ಅಷ್ಟರಲ್ಲಿ ಊರು ತುಂಬಿತ್ತು, ಸಾಲಿಯೂ ತುಂಬಿತ್ತು. ಅವರು ಮುಂದೆ ಕೂತ ನಾಲ್ಕಾರು ಹುಡುಗರನ್ನು ಕೇಳಿ, ಹಾಲು ಕುಡಿದು ಕುದುರೆ ಹತ್ತಿದರು. ಆಯಿ ಪುಸ್ತಕ ತೆರೆದು ಹಿಡಿದು ನಿಂತೇ ಇದ್ದಳು.

"ನನ್ನ ಕೇಳಲೇ ಇಲ್ಲಲ್ರಿ ಮಾಸ್ತರ?"

"ಇವರು ಬ್ಯಾರೆ ಸಾಹೇಬ್ರವಾ. ಸಾಲಿ ಉಳೀತಲ್ಲ, ಸಾಕ ಬಿಡು."

ಸಾಲಿ ಉಳಿದದ್ದು ನಿಜ. ಆದರೆ ಅದಕ್ಕೆ ತಾನು ಬೇಕಾಗಿರಲಿಲ್ಲ ಎಂಬುದು ಆ ಪುಟ್ಟ ಹುಡುಗಿಗೆ ಅರಗಲಿಲ್ಲ. ಎಲ್ಲರೂ ಹೋದ ಮೇಲೆ ಕಟ್ಟೆಯ ಮೇಲೆ ಕೂತು ಅತ್ತಳು. ಅಲ್ಲೇ ಕುಸಿದ ಮೆಟ್ಟಿಲು ಸರಿಮಾಡುತ್ತಿದ್ದ ಇಮಾಮಸಾಬರು ಕೈಯ ಮಣ್ಣು ಒರೆಸಿಕೊಂಡು ಬಂದು ಎದುರಿಗೆ ಕೂತರು.

"ಯಾಕವಾ, ಏನಾತು?" ಎಂದು ಕೇಳಿ ಎಲ್ಲ ತಿಳಿದುಕೊಂಡು, "ಹಂಗಾರ ನನ್ನ ಮುಂದ ಓದು. ಈ ಗ್ವಾಡಿ ಕಟ್ಟಿದಾಂವ ನಾನು. ಇದರೊಳಗ ಏನ್ ಓದ್ತಾರ ಅಂತ ನನಗೂ ಒಂದಿನ ಗೊತ್ತಾಗ್ಲಿ," ಎಂದರು.

ಅವಳು ಓದಿದಳು. ಅವರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಕೊನೆಯವರೆಗೂ ಕೇಳಿದರು. ಕೇಳಿ, "ಭಾಳ ಚಲೋ ಆತು," ಎಂದಷ್ಟೇ ಹೇಳಿ ಮತ್ತೆ ಕೆಲಸಕ್ಕೆ ಹೋದರು. ಮರುವರ್ಷ ಆಯಿಯ ಮದುವೆಯಾಯಿತು. ಹುನಗುಂದದ ಕಡೆಗೆ ಬಂದಳು. ಸಾಲಿ ಅಲ್ಲಿಗೆ ಮುಗಿಯಿತು, ಓದು ಮುಗಿಯಲಿಲ್ಲ.

ಹೋದ ವಾರ ಏನೋ ಮನಸ್ಸಾಗಿ ಗುಡೂರಿನ ಬಸ್ಸು ಹತ್ತಿದೆ. ಅಲ್ಲಿಂದ ಆಟೋ ಹಿಡಿದು ಆಯಿಯ ಊರಿಗೆ ಹೋದೆ. ಊರಿಗೀಗ ಹೊಸ ಶಾಲೆ ಇದೆ. ಅದರ ಹಿಂಬದಿಗೆ ಹಳೆಯ ಕಟ್ಟಡದ ಒಂದೇ ಒಂದು ಗೋಡೆ ನಿಂತಿದೆ. ಅದರ ನೆರಳಿನಲ್ಲಿ ಮಕ್ಕಳು ಮಧ್ಯಾಹ್ನದ ಊಟ ಮಾಡುತ್ತಿದ್ದರು. ನಾನು ಸುಮ್ಮನಿರದೆ ಅವರ ನಡುವೆ ಕೂತು ಕತೆ ಶುರು ಮಾಡಿದೆ. ಗಂಗಪ್ಪನ ಮಾತಿಗೆ ಎಲ್ಲರೂ ನಕ್ಕರು. ಯಾಕೋ ಈ ಸಲ ಅಲ್ಲಿಗೆ ನಿಲ್ಲಿಸಲು ಮನಸ್ಸು ಬರಲಿಲ್ಲ. ಇಮಾಮಸಾಬರವರೆಗೂ ಹೇಳಿ ಮುಗಿಸಿದೆ.

ಎರಡು ಜಡೆಯ ಹುಡುಗಿಯೊಬ್ಬಳು ತುತ್ತು ಕೈಯಲ್ಲೇ ಹಿಡಿದು ಕೇಳಿದಳು: "ಆ ಅಮ್ಮ ಅವತ್ತ ಏನ್ ಓದಿದ್ಳರಿ?"

ಜನ್ಮವಿಡೀ ಮಕ್ಕಳಿಗೆ ಪ್ರಶ್ನೆ ಕೇಳಿ ಪಗಾರ ತೆಗೆದುಕೊಂಡವಳು ನಾನು. ಆಯಿ ಅಷ್ಟು ಸಲ ಹೇಳಿದರೂ ಈ ಒಂದನ್ನು ಕೇಳಿರಲಿಲ್ಲ. ಹಾಡೋ, ಲೆಕ್ಕದ ಮಗ್ಗಿಯೋ, ನರಿಯ ಕತೆಯೋ? ಇನ್ನು ಹೇಳುವವರು ಯಾರೂ ಉಳಿದಿಲ್ಲ.

"ಗೊತ್ತಿಲ್ಲವಾ. ನಾ ಕೇಳಲೇ ಇಲ್ಲ," ಎಂದೆ.

ಅವಳು ನಳಕ್ಕೆ ಹೋಗಿ ಕೈ ತೊಳೆದು, ಒಳಗಿನಿಂದ ತನ್ನ ಚೀಲ ತಂದು, "ನಂದು ಓದ್ಲೇನ್ರಿ?" ಎಂದಳು.

ನಾನು ಕನ್ನಡಕ ತೆಗೆದು ಮಡಿಲಲ್ಲಿ ಇಟ್ಟುಕೊಂಡು ಗೋಡೆಗೆ ಒರಗಿ ಕೂತೆ.

"ಓದವಾ," ಎಂದೆ. "ಜೋರಾಗಿ ಓದು."