ಲಗ್‌ನಟ್ ಹಾಡಿನಲ್ಲಿ ಪದ್ಮಜಾ ಬಿಟ್ಟ ಜಾಗ

ಡೆಟ್ರಾಯಿಟ್ ಪಕ್ಕದ ಟ್ರಾಯ್‌ನಲ್ಲಿ ಬೆಳಗಿನ ಆರೂವರೆ. ಹೊರಗೆ ಹನ್ನೊಂದು ಡಿಗ್ರಿ ಫ್ಯಾರನ್‌ಹೀಟ್. ಮನೆ ಮುಂದೆ ನಿಲ್ಲಿಸಿದ ಕಾರಿನಲ್ಲಿ ಗಾಜು ಏರಿಸಿಕೊಂಡು, ಕೋಟಿನ ಮೇಲೊಂದು ಶಾಲು ಹೊದ್ದು, ಪದ್ಮಜಾ ಒಂದೇ ಸಾಲನ್ನು ಮತ್ತೆ ಮತ್ತೆ ಕೇಳುತ್ತಿದ್ದಾರೆ. ಎಂಜಿನ್ ಆರಿಸಿದ್ದಾರೆ, ಅದರ ಸದ್ದೂ ಅಡ್ಡ ಬರಬಾರದು. ಹಿಮ ಎತ್ತಲು ಹೊರಬಂದ ಪಕ್ಕದ ಮನೆಯ ಗಿರೀಶ ಗಾಜು ತಟ್ಟುತ್ತಾರೆ.

“ಏನ್ರೀ ಪದ್ಮಜಾ, ಇವತ್ತೂ ಮಗಳು ಆಚೆ ಹಾಕಿದ್ಲಾ?”

“ಸ್ವಲ್ಪ ಸುಮ್ನಿರಿ. ಉಸಿರು ಹುಡುಕ್ತಾ ಇದೀನಿ.”

ಅದು ಡೆಟ್ರಾಯಿಟ್‌ನ ರ‍್ಯಾಪ್ ಗಾಯಕ ಲಗ್‌ನಟ್‌ನ ಉಸಿರು. ಮುಚ್ಚಿದ ಕಾರ್ಖಾನೆಯೊಂದರ ಮೇಲೆ ಅವನು ಕಟ್ಟಿದ ‘ಗೇಟ್ ತ್ರೀ’ ಕಳೆದ ಶರತ್ಕಾಲದಲ್ಲಿ ಇಲ್ಲಿಂದ ಶಿಕಾಗೊವರೆಗೆ ಕಾರು ಕಾರಿನಲ್ಲೂ ಮೊಳಗಿದೆ. ಆದರೆ ಬೈಗುಳವಿರುವ ಹಾಡನ್ನು ರೇಡಿಯೊ ಹಾಕುವುದಿಲ್ಲ. ಅದಕ್ಕೆ ಬೇರೆಯದೇ ಪ್ರತಿ ಬೇಕು. ಅದನ್ನು ಮಾಡಿಕೊಡುವುದು ಪದ್ಮಜಾ ಅವರ ಕೆಲಸ. ‘ಗೇಟ್ ತ್ರೀ’ ಒಂದರಲ್ಲೇ ಅರವತ್ತೊಂದು ಕಡೆ ಕತ್ತರಿಸಿದ್ದಾರೆ. ತಾಳ ಒಂದು ಕಡೆಯೂ ತಪ್ಪಿಲ್ಲ.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಅವರು ಹತ್ತೊಂಬತ್ತು ವರ್ಷ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿದ್ದರು. ಬಾಗಿಲಿನೊಳಗೆ ಎಲ್ಲಿ ಏನು ಗಡಗಡ ಅನ್ನುತ್ತದೆಂದು ಕಿವಿಯಿಂದಲೇ ಹಿಡಿಯುವುದು ಅವರ ಕಸುಬಾಗಿತ್ತು. 2009ರ ಜನವರಿಯ ಒಂದು ಬೆಳಗ್ಗೆ ಇಡೀ ವಿಭಾಗವೇ ಮನೆಗೆ ಹೋಯಿತು. “ಎಂಟು ತಿಂಗಳು ಅಪ್ಲೈ ಮಾಡಿದೀನಿ. ಒಬ್ರೂ ಫೋನ್ ಮಾಡ್ಲಿಲ್ಲ. ಮನೆ ಎಷ್ಟು ಸುಮ್ಮನಿತ್ತು ಅಂದ್ರೆ, ಫ್ರಿಜ್ಜಲ್ಲಿ ಯಾವ ಸ್ಕ್ರೂ ಸಡಿಲ ಅಂತ ಹೇಳ್ತಿದ್ದೆ.”

ಕಾಲೇಜು ಓದುವ ಮಗಳು ಇಂಚರ, ತನ್ನ ಗೆಳತಿಯ ಸ್ಟುಡಿಯೊದಲ್ಲಿ ಈ ಕೆಲಸ ಕೊಡಿಸಿದಳು. ತೊಡಕು ಒಂದೇ: ತಾಯಿಗೆ ಬೈಗುಳ ಗೊತ್ತಿರಲಿಲ್ಲ. “ಅವಳು ಹೇಳ್ಕೊಡೋದು, ನಾನು ನೋಟ್ಸ್ ಬರ್ಕೊಳೋದು. ದೇವಸ್ಥಾನಕ್ಕೆ ಹೋಗ್ತಾ ಕಾರಲ್ಲಿ ಓದಿ ಒಪ್ಪಿಸ್ತಿದ್ದೆ.” ಇಂಚರ ಈಗಲೂ ಮುಖ ಮುಚ್ಚಿಕೊಳ್ಳುತ್ತಾಳೆ: “ಮಾಮ್, ಪ್ಲೀಸ್, ನಾಟ್ ಔಟ್ ಲೌಡ್!”

ಇವತ್ತಿನ ಹಾಡು ‘ಬ್ರದರ್ಸ್ ಲಂಚ್‌ಬಾಕ್ಸ್’. ಕಾರ್ಖಾನೆ ಮುಚ್ಚಿದ ವಾರವೇ ಎದೆನೋವಿನಿಂದ ತೀರಿಕೊಂಡ ಅಣ್ಣನನ್ನು ನೆನೆದು ಲಗ್‌ನಟ್ ಹಾಡಿದ್ದು. ಅಣ್ಣನ ಹೆಸರು ಹೇಳುತ್ತಲೇ ಅವನ ದನಿ ಒಡೆಯುತ್ತದೆ. ಒಡೆದ ದನಿಯಲ್ಲೇ ಬೈಗುಳ ಬರುತ್ತದೆ. ಬೈಗುಳ ತೆಗೆದರೆ ಅಳುವೂ ಹೋಗುತ್ತದೆ. ಅದರ ಮೇಲೆ ಕೀಂ ಎನ್ನುವ ಸದ್ದು ಹಾಕಿ ಮುಗಿಸಿ ಎಂದು ಹಾಡಿನ ಕಂಪನಿ ಹೇಳಿದೆ. ಪದ್ಮಜಾ ಒಪ್ಪಿಲ್ಲ. “ಅಣ್ಣ ಸತ್ತ ಮಾತಿನ ಮೇಲೆ ಕೀಂ ಅನ್ನಿಸ್ತಾರೇನ್ರೀ ಯಾರಾದ್ರೂ?” ಹತ್ತು ಗಂಟೆಗೆ ಶಿಕಾಗೊದ ರೇಡಿಯೊದವರು ಇವರ ಪ್ರತಿಯನ್ನು ಕೇಳಿ ತೀರ್ಮಾನಿಸುತ್ತಾರೆ. ಅವರು ಬೇಡವೆಂದರೆ ಕಂಪನಿ ತಾನೇ ಕೀಂ ಹಾಕಿಕೊಳ್ಳುತ್ತದೆ, ಇನ್ನು ಇವರಿಗೆ ಹಾಡು ಕಳಿಸುವುದಿಲ್ಲ.

ಬರಿದೇ ಅಳಿಸಿದರೆ ರೇಡಿಯೊ ಕೆಟ್ಟಂತೆ ಕೇಳುತ್ತದೆ. ಆದ್ದರಿಂದ ಪದ್ಮಜಾ ಮಾತನ್ನಷ್ಟೇ ತೆಗೆದು, ಅದಕ್ಕೂ ಮುಂಚೆ ಅವನು ಎಳೆದುಕೊಂಡ ಉಸಿರನ್ನು ಉಳಿಸುತ್ತಾರೆ. ಹಿಂದಿನ ಡ್ರಮ್ಮನ್ನೂ ಅಲ್ಲಿ ನಿಲ್ಲಿಸುತ್ತಾರೆ. ಈಗ ಕೇಳಿದರೆ, ಒಬ್ಬ ಮನುಷ್ಯ ಹೇಳಲು ಹೊರಟು ಹೇಳಲಾರದೆ ನಿಂತಂತಿದೆ. ಒಂಬತ್ತೂವರೆಗೆ ಪ್ರತಿ ಕಳಿಸಿ ಬೇಳೆ ಒಲೆಗಿಡುತ್ತಾರೆ.

ಹನ್ನೊಂದಾದರೂ ಸುದ್ದಿಯಿಲ್ಲ. ಹನ್ನೊಂದೂಕಾಲಿಗೆ ಫೋನ್ ಮಾಡುವವನು ಲಗ್‌ನಟ್‌ನೇ. ರೇಡಿಯೊದವರು ಒಪ್ಪಿದ್ದಾರೆ. ಆಮೇಲೆ, ಇನ್ನು ಮುಂದೆ ವೇದಿಕೆಯಲ್ಲೂ ಆ ಮಾತು ಹಾಡುವುದಿಲ್ಲ, ಮಿಸ್ ಪದ್ಮಾ ನಿಲ್ಲಿಸಿದಲ್ಲೇ ತಾನೂ ನಿಲ್ಲುತ್ತೇನೆ ಎನ್ನುತ್ತಾನೆ.

ಅವನ ಯಾವ ಸಿ.ಡಿ.ಯ ಮೇಲೂ ಪದ್ಮಜಾ ಹೆಸರಿಲ್ಲ. ಅವರು ಅವನ ಕಾರ್ಯಕ್ರಮಕ್ಕೆ ಒಮ್ಮೆಯೂ ಹೋದವರಲ್ಲ.

“ಹಾಡೆಲ್ಲ ನಂಗೆ ಬಾಯಿಪಾಠ, ಅದನ್ನ ಕೇಳಕ್ಕೆ ಅಷ್ಟು ದೂರ ಯಾಕೆ ಡ್ರೈವ್ ಮಾಡ್ಲಿ?” ಎಂದು ಒಗ್ಗರಣೆ ಸೌಟು ಕೆಳಗಿಡುತ್ತಾರೆ. “ಆದ್ರೆ ಈಗ ಒಂದ್ಸಲ ಹೋಗ್ಬೇಕು. ಅಷ್ಟೊಂದು ಜನ ಒಟ್ಟಿಗೆ ಸುಮ್ಮನಾಗೋದನ್ನ ಕೇಳ್ಬೇಕು.”