ಮಲ್ಲಯ್ಯನ ಪಾದ

ತಿಗನಾರೆಯ ಕೂಲಿಕಾರ ಮಲ್ಲಯ್ಯ ಹೊಲದೊಡೆಯರ ಬೀದಿಯನ್ನು ಹಾಯುವಾಗಲೆಲ್ಲ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ನಡೆದವನು. ಕ್ರೈಸ್ತನಾದ ಮೇಲೂ ಆ ಅಭ್ಯಾಸ ಅವನನ್ನು ಬಿಡಲಿಲ್ಲ. ಅಂಥವನನ್ನು ಆ ವರ್ಷ ಪವಿತ್ರ ಗುರುವಾರಕ್ಕೆ ಆರಿಸಿದರು. ಯೇಸು ಶಿಷ್ಯರ ಕಾಲು ತೊಳೆದ ನೆನಪಿಗಾಗಿ ಅಂದು ಫಾದರ್ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ತನ್ನ ಪಾದವನ್ನೂ ಒಬ್ಬ ದೊಡ್ಡ ಮನುಷ್ಯ ಕೈಯಲ್ಲಿ ಹಿಡಿದಾನೆಂಬ ಆಸೆ ಮಲ್ಲಯ್ಯನ ನಿದ್ದೆ ಕೆಡಿಸಿತು. ಆ ಆಸೆ ಎಷ್ಟು ಹಳೆಯದೆಂದು ಹೆಂಡತಿ ಕೆಂಚಮ್ಮನಿಗೆ ಗೊತ್ತಿತ್ತು.

ಫಾದರ್ ಪರವಾಗಿ ಚರ್ಚನ್ನು ನೋಡಿಕೊಳ್ಳುತ್ತಿದ್ದ ಉಪದೇಶಿ ದಯಾನಂದ್ ಗುಡಿಸಲಿನ ಹೊರಗೆ ನಿಂತೇ ಹೇಳಿದ:

"ಕಾಲ ಚೆನ್ನಾಗಿ ಉಜ್ಜಿ ಕರ್ಕೊಂಡು ಬಾ ಕೆಂಚಮ್ಮ. ಫಾದರ್ ಕೈಗೆ ಕೊಳೆ ಅತ್ತಬಾರ್ದು. ವೀಡಿಯೊ ತಗೀತಾರೆ."

"ತೊಳ್ದಿರ ಕಾಲ ಅವರಿನ್ನೇನು ತೊಳ್ದಾರು ಸ್ವಾಮಿ?"

"ಅದು ಶಾಸ್ತ್ರ ಕಣಮ್ಮ."

ಸಕ್ಕರೆ ಕಾಯಿಲೆಯಿಂದ ಮಲ್ಲಯ್ಯನ ಪಾದಗಳು ಮರಗಟ್ಟಿದ್ದವು. ಕೆಂಚಮ್ಮ ವಾರವಿಡೀ ಅವನ್ನು ಬಿಸಿನೀರಿನಲ್ಲಿ ನೆನೆಸಿ, ಬಿರಿದ ಹಿಮ್ಮಡಿಗಳನ್ನು ಇಟ್ಟಿಗೆ ಚೂರಿನಿಂದ ತಿಕ್ಕಿದಳು. ನೋಯುತ್ತದೆಯೇ ಎಂದು ಕೇಳಿದರೆ ಅವನು ನಗುತ್ತಿದ್ದ.

"ಇನ್ನೂ ಉಜ್ಜಮ್ಮಿ. ನಂಗೇನೂ ಗೊತ್ತಾಗ್ನಿಲ್ಲ."

ಬಲ ಹಿಮ್ಮಡಿಯ ಚರ್ಮ ಕಿತ್ತುಬಂತು. ಗುರುವಾರದ ಹೊತ್ತಿಗೆ ಅದು ಕೀವು ತುಂಬಿ ನಾರತೊಡಗಿತ್ತು.

ಚರ್ಚಿನ ಮೆಟ್ಟಿಲಲ್ಲೇ ದಯಾನಂದ್ ಮೂಗು ಮುಚ್ಚಿಕೊಂಡು ಅವರನ್ನು ತಡೆದ. ಮಲ್ಲಯ್ಯನ ಕುರ್ಚಿಯಲ್ಲಿ ಚರ್ಚ್ ಸಮಿತಿಯ ಪುಟ್ಟರಾಜು ಕುಳಿತ. ಬೂಟು ಕಳಚಿದ ಆ ಬೆಣ್ಣೆಯಂಥ ಪಾದವನ್ನು ಫಾದರ್ ತೊಳೆದರು, ಒರೆಸಿದರು, ಮುತ್ತಿಟ್ಟರು; ಆಮೇಲೆ ದೀನತೆಯನ್ನು ಕುರಿತು ಬಹಳ ಹೊತ್ತು ಬೋಧಿಸಿದರು. ಗಂಡಹೆಂಡಿರು ಅದನ್ನು ಹೊರಗಿನ ಬೇವಿನ ಮರದಡಿ ಕುಳಿತು ಮೈಕಿನಲ್ಲಿ ಕೇಳಿದರು.

ಮರುದಿನ ಮಲ್ಲಯ್ಯನಿಗೆ ಜ್ವರ ಏರಿತು. ರೋಗಿಗಳಿಗೆಂದೇ ಪರದೇಶದವರು ಕೊಡಿಸಿದ ಚರ್ಚಿನ ಜೀಪನ್ನು ಕೆಂಚಮ್ಮ ಕೇಳಿದಳು. ಅದು ಈಸ್ಟರ್ ಹಬ್ಬಕ್ಕೆ ಸೀರಿಯಲ್ ಲೈಟು ತರಲು ಘಾಟಿ ಇಳಿದು ಸತ್ಯಮಂಗಲಕ್ಕೆ ಹೋಗಿತ್ತು.

"ಅಬ್ಬ ಮುಗೀಲಿ. ಅಲ್ಲೀಗಂಟ ಪ್ರಾರ್ಥನೆ ಮಾಡ್ತೀವಿ" ಎಂದ ದಯಾನಂದ್.

ಹಬ್ಬ ಮುಗಿಯಿತು. ಆಸ್ಪತ್ರೆಯಲ್ಲಿ ಮಲ್ಲಯ್ಯನ ಬಲಗಾಲನ್ನು ಮೊಣಕಾಲಿನವರೆಗೆ ಕತ್ತರಿಸಿದರು.

ಮುಂದಿನ ವರ್ಷ ದಯಾನಂದ್ ತಾನಾಗಿಯೇ ಬಂದು ಗುಡಿಸಲಿನ ಒಳಗೆ ಕುಳಿತ.

"ಈ ಸಲ ಮಲ್ಲಯ್ಯನ್ನೇ ಮುಂದ್ಕೆ ಕೂರ್ಸ್ಬೇಕು ಅಂತವ್ರೆ ಫಾದರ್. ಜೀಪು ಕೊಡ್ಸಿದೋರು ಬತ್ತಾವ್ರೆ. ಇಂಥೋನ ನೋಡುದ್ರೆ ಅವರ ಮನ್ಸು ಕರಗ್ತದೆ."

"ಓದ್ಸಲ ಕಾಲು ನಾರ್ತದೆ ಅಂದ್ರಿ. ಈಗ ಕಾಲೇ ಇಲ್ವಲ್ಲ ಸ್ವಾಮಿ."

"ಇನ್ನೊಂದು ಕಾಲು ಅದೆಯಲ್ಲಮ್ಮ."

ಕೆಂಚಮ್ಮ ಬೇಡವೆನ್ನುವಷ್ಟರಲ್ಲಿ ಮಲ್ಲಯ್ಯ ಒಗೆದ ಅಂಗಿ ಕೇಳಿಯಾಗಿತ್ತು. ಅವಳು ಅಂಗಿ ಕೊಟ್ಟಳು. ಇಟ್ಟಿಗೆ ಚೂರನ್ನು ಮುಟ್ಟಲಿಲ್ಲ. ಗುರುವಾರ ಕೊಟ್ಟಿಗೆ ದಾಟಿ ಬಂದ ಅವನ ಒಂಟಿಗಾಲನ್ನು ಮೆತ್ತಿದ ಸಗಣಿಯ ಸಮೇತ ಕಳಿಸಿದಳು, ತಾನೂ ಹಿಂದೆಯೇ ಹೋಗಿ ಮುಂದಿನ ಸಾಲಿನಲ್ಲಿ ನಿಂತಳು.

ಫಾದರ್ ಪಾದವನ್ನು ನೋಡಿದರು, ಕ್ಯಾಮೆರಾವನ್ನು ನೋಡಿದರು. ತಂಬಿಗೆಯನ್ನು ಎತ್ತರಕ್ಕೆ ಹಿಡಿದು ಸಣ್ಣಗೆ ನೀರು ಬಿಟ್ಟರು. ಟವೆಲನ್ನು ಪಾದದ ಹತ್ತಿರ ಆಡಿಸಿ, ಟವೆಲಿಗೇ ಮುತ್ತಿಟ್ಟರು. ಮಲ್ಲಯ್ಯ ಕಣ್ಣು ಮುಚ್ಚಿ ಕುಳಿತೇ ಇದ್ದ. ಪರದೇಶದವರು ಕಣ್ಣೊರೆಸಿಕೊಂಡರು.

ಮನೆಗೆ ಬಂದ ಮೇಲೆ ಅವನು ಕೇಳಿದ:

"ಫಾದರ್ ಮುಟ್ಟುದ್ರಾ ಅಮ್ಮಿ? ನಂಗೆ ಗೊತ್ತಾಗ್ನಿಲ್ಲ."

ಕೆಂಚಮ್ಮ ಸುಳ್ಳಾಡುವವಳಲ್ಲ.

"ಇಲ್ಲ."

ಮಲ್ಲಯ್ಯ ಒಣಗಿದ ಸಗಣಿಯನ್ನು ಉಗುರಿನಿಂದ ಕೆರೆದ. ಆಮೇಲೆ ತಲೆಯೆತ್ತದೆ ಹೇಳಿದ:

"ನೀ ಉಜ್ಜದೆ ಕಳಿಸ್ದೆ, ಅದ್ಕೇಯ. ಮುಂದ್ಲ ವರ್ಸ ಇಟ್ಗೇಲಿ ಚೆನ್ನಾಗಿ ಉಜ್ಜು."