ತಾರೀಕಿಗೆ ಮುಂಚೆ ಬಂದ ಹುಟ್ಟುಹಬ್ಬ

ಅಡ್ಯಾರಿನ ನಮ್ಮ ಮಹಡಿಗೆ ಬಾಡಿಗೆಗೆ ಬಂದ ಜರ್ಮನಿಯವರು ತಮ್ಮ ರಾಜ್ಯದಲ್ಲಿ ಶಾಸಕರಾಗಿದ್ದವರು ಎಂದರೆ ಅಮ್ಮ ನಂಬಲೇ ಇಲ್ಲ. "ಎಮ್ಮೆಲ್ಲೆ ಅಂತೀಯ, ಹಿಂದೆ ಮುಂದೆ ಒಂದು ಕಾರಿಲ್ಲ, ಬಟ್ಟೆ ತಾನೇ ಒಣಗಹಾಕ್ತಾನಲ್ಲೇ!" ನಾನು ಜರ್ಮನ್ ಕಲಿಸುವವಳು. ಹಿಂದೊಮ್ಮೆ ಅವರು ನಿಯೋಗದ ಜೊತೆ ಬಂದಾಗ ದುಭಾಷಿಯಾಗಿದ್ದೆ. ಆ ಪರಿಚಯದ ಮೇಲೆ ಬಂದವರು.

ಅವರದು ಕಲ್ಲಿದ್ದಲು ಗಣಿಯ ಊರು. ಅಪ್ಪ, ತಮ್ಮ ಇಬ್ಬರೂ ಗಣಿಯಲ್ಲೇ ದುಡಿದವರು. ಇವರು ಶನಿವಾರದ ಸಂತೆಯಲ್ಲಿ ಪಕ್ಷದ ಕೊಡೆಯಡಿ ನಿಂತು, ಬಂದವರಿಗೆಲ್ಲ ಗುಲಾಬಿ ಹಂಚಿ, ಮೊದಲು ಪುರಸಭೆಗೆ, ಆಮೇಲೆ ಶಾಸನಸಭೆಗೆ ಗೆದ್ದರು. ಗಣಿ ಮುಚ್ಚುವ ಮಸೂದೆ ಬಂದಾಗ ಅದರ ಪರವಾಗಿ ಕೈ ಎತ್ತಿದರು. ಊರಿನ ಗಾಳಿ ನೀರು ಉಳಿಯಬೇಕಲ್ಲ ಎನ್ನುತ್ತಿದ್ದರು. ಸರಿಯೇ ಇರಬಹುದು. ಆದರೆ ತಮ್ಮನ ಕೆಲಸ ಹೋಯಿತು, ಮುಂದಿನ ಚುನಾವಣೆಯಲ್ಲಿ ಇವರೂ ಸೋತರು. ತಾಯಿಯ ಮಣ್ಣಿಗೆ ಬಂದಾಗಲೂ ತಮ್ಮ ಮಾತಾಡಿಸಲಿಲ್ಲವಂತೆ. ಎಂಥ ಹಠವೋ, ನನಗಂತೂ ಕೇಳಿಯೇ ಮೈ ಉರಿಯಿತು.

ಈ ವರ್ಷ ಅಂತೂ ಆ ತಮ್ಮ ತನ್ನ ಮಗಳ ಮೂಲಕ ಹೇಳಿಕಳಿಸಿದ, ಅಣ್ಣನ ಹುಟ್ಟುಹಬ್ಬಕ್ಕೆ ಫೋನ್ ಮಾಡುತ್ತೇನೆ ಎಂದು. ಅಂದಿನಿಂದ ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ತಮ್ಮನ ದನಿ ಕೇಳಬೇಕು, ಅವರಿಗೆ ಬೇರೇನೂ ಬೇಡವಾಗಿತ್ತು.

ಅಮ್ಮ ಸುಮ್ಮನಿರುತ್ತಾಳೆಯೇ? ನಮ್ಮ ಮನೆಯಲ್ಲಿ ಹುಟ್ಟುಹಬ್ಬ ನಕ್ಷತ್ರಕ್ಕೆ, ತಾರೀಕಿಗಲ್ಲ. ಅವರು ಹುಟ್ಟಿದ ಹೊತ್ತು ಕೇಳಿ ಪಂಚಾಂಗ ನೋಡಿಸಿದಳು. ಎರಡು ದಿನ ಮುಂಚೆಯೇ ಬಂತು. ಮಣೆಯ ಮೇಲೆ ಕೂರಿಸಿ, ತಲೆಗೆ ಎಣ್ಣೆಯಿಟ್ಟು, ಆರತಿ ಎತ್ತಿ, ಪಾಯಸ ಬಡಿಸಿದಳು. ದಿನಕ್ಕೆ ಮುಂಚೆ ಶುಭಾಶಯ ಹೇಳಿದರೆ ಕೇಡು ಎಂದು ಅವರ ಕಡೆ ನಂಬುತ್ತಾರೆ ಅಂದೆ. "ನಕ್ಷತ್ರದ ದಿನಕ್ಕೆ ಕೇಡೇನೇ? ಸುಮ್ಮ ಇರು" ಎಂದು ಗದರಿದಳು. ಅವರು ನಗುತ್ತ ಎರಡನೆಯ ಸಲ ಪಾಯಸ ಹಾಕಿಸಿಕೊಂಡರು.

"ಪಾವಂ, ಪಾಪ ಕಣೇ, ಕಾಯ್ತಿದ್ದಾನೆ. ಆ ತಮ್ಮನಿಗೆ ಇವತ್ತೇ ಮಾತಾಡು ಅಂತ ಹೇಳು. ಅವನ ಗಂಟೇನು ಹೋಗತ್ತೆ?"

ಅಮ್ಮನ ಕಾಟ ತಡೆಯಲಾರದೆ ಫೋನ್ ಮಾಡಿದೆ. ತಮ್ಮ ಒಪ್ಪಲಿಲ್ಲ. "ಮುಂಚೆ ಹೇಳಬಾರದು, ಅಣ್ಣನಿಗೆ ಕೆಟ್ಟದಾಗೋದು ಬೇಡ. ಆ ದಿನ ಎಲ್ಲರಿಗಿಂತ ಮೊದಲು ನಾನೇ ಮಾಡ್ತೀನಿ" ಎಂದ.

ಆ ದಿನ ಬೆಳಿಗ್ಗೆ ಕಾಫಿ ಕೊಡಲು ಮೇಲೆ ಹೋದ ಅಮ್ಮ ಕೂಗಿಕೊಂಡಳು. ಓಡಿದೆ. ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕುರ್ಚಿಯಲ್ಲಿ ಕೂತಿದ್ದರು, ಮಡಿಲಲ್ಲಿ ಫೋನಿತ್ತು. ಮೈ ತಣ್ಣಗಾಗಿತ್ತು. ಪಕ್ಕದ ಬೀದಿಯ ಡಾಕ್ಟರು ಬಂದು ನೋಡಿ, ಹೃದಯ ನಿಂತಿದೆ ಎಂದರು. ಅಯ್ಯೋ, ಇನ್ನೊಂದು ಗಳಿಗೆ ಇರಬಾರದಿತ್ತೇ ಎಂದು ನನ್ನ ಎದೆ ಒಡೆಯಿತು.

ಡಾಕ್ಟರು ಮೆಟ್ಟಿಲಿಳಿಯುವಾಗಲೇ ಫೋನ್ ಬಡಿದುಕೊಂಡಿತು. ಅಲ್ಲಿ ಇನ್ನೂ ಬೆಳಕು ಹರಿದಿರಲಿಕ್ಕಿಲ್ಲ. ನಾನು ಹಲೋ ಎನ್ನುವ ಮೊದಲೇ ತಮ್ಮ ಹುಟ್ಟುಹಬ್ಬದ ಹಾಡು ಶುರು ಮಾಡಿದ. ನಡುವೆ ದನಿ ಒಡೆಯಿತು, ಮತ್ತೆ ಮೊದಲಿನಿಂದ ಹಾಡಿದ.

"ಯಾರೇ? ಅವನೇನೇ?" ಅಮ್ಮ ಕೇಳಿದಳು.

ಹಾಡು ಮುಗಿಯುವ ತನಕ ಫೋನನ್ನು ಅವರ ಕಿವಿಗೆ ಹಿಡಿದು ನಿಂತೆ.